ಅಷ್ಟಮಿಯ ದಿನ ಅಳಿವೆ ದಾಟಿದ್ದು

ಮೂಡಲಪಾಳ್ಯ, ಬೆಂಗಳೂರು
ಮಂಗಳವಾರ, ೨೬ ನವೆಂಬರ್ ೨೦೨೪
ಮಧ್ಯಾಹ್ನ ಮೂರೂವರೆ, ಮಹಡಿಯ ಮೇಲೆ

ಪ್ರೀತಿಯ ಮಗಳು ಕೀರ್ತನಾಳಿಗೆ,

ಅದಕ್ಕೇ ಹೇಳುತ್ತಿದ್ದೆ, ಈ ಸಲ ದೋಣಿ ಮಗುಚಲಿಲ್ಲ ಕಣಮ್ಮ, ಅಳಿವೆ ದಾಟಿ ಒಳಗೆ ಬಂದೆವು, ಅಂತ. ಅಷ್ಟು ಬಾಯಿಂದ ಹೊರಡುವಷ್ಟರಲ್ಲಿ ನಿನ್ನೆ ನೀನು ಫೋನ್ ಇಟ್ಟುಬಿಟ್ಟೆ. 'ದೋಣಿ ವಿಷಯ ಎತ್ತಿದ್ರೆ ಇಡ್ತೀನಿ ಅಪ್ಪ' ಅಂತ ಒಂಬತ್ತು ತಿಂಗಳಿಂದ ಹೇಳಿಕೊಂಡು ಬಂದಿದ್ದೀಯ, ಹೇಳಿದ ಹಾಗೆ ಇಡುತ್ತಲೂ ಬಂದಿದ್ದೀಯ. ಕಾಗದಕ್ಕೆ ಒತ್ತುವ ಗುಂಡಿ ಇಲ್ಲವಲ್ಲ, ಅದಕ್ಕೆ ಮಾತು ನಿಂತ ಕಡೆಯಿಂದಲೇ ಇಲ್ಲಿ ಹಿಡಿದಿದ್ದೇನೆ. ಹರಿದು ಹಾಕಬೇಕು ಅನ್ನಿಸಿದರೆ ಪೂರ್ತಿ ಓದಿದ ಮೇಲೆ ಹರಿ.

ಅದಿರಲಿ, ಮೊದಲು ನೀನು ಹೇಗಿದ್ದೀಯ? ಬೀದರಿನಲ್ಲಿ ಚಳಿ ಹಿಡಿದಿರಬೇಕು. ಬೆಳಗಿನ ಐದೂವರೆಗೆ ಮಕ್ಕಳನ್ನೆಲ್ಲ ಮೈದಾನಕ್ಕೆ ಅಟ್ಟುವ ಪಿ.ಟಿ. ಮೇಡಂ ತಾನು ಮಾತ್ರ ಸ್ವೆಟರ್ ಹಾಕಿಕೊಳ್ಳುವುದಿಲ್ಲ ಅನ್ನುವುದು ನನಗೆ ಗೊತ್ತಿಲ್ಲವೇ. ಮೊಣಕಾಲಿಗೆ ಆ ಎಣ್ಣೆ ಹಚ್ಚುತ್ತಿದ್ದೀಯ ತಾನೆ? ಹಾಸ್ಟೆಲಿನಲ್ಲಿ ಮುದ್ದೆ ಸಿಗುವುದಿಲ್ಲ ಅಂತ ನಾನು ಕೊರಗಿದರೆ, ಕೆಳಗಿನ ಮನೆಗೆ ಬಾಡಿಗೆಗೆ ಬಂದಿರುವ ಆಳಂದದ ಗುರುದೇವಿ 'ರೊಟ್ಟಿ ತಿಂದ್ರ ರಟ್ಟಿ ಗಟ್ಟಿ ಆಗ್ತಾವ್ರೀ, ಸುಮ್ಮನಿರ್ರಿ' ಅಂತ ನನ್ನನ್ನೇ ಗದರುತ್ತಾಳೆ. ನನ್ನ ಬಿ.ಪಿ. ಹದದಲ್ಲಿದೆ. ನಿಮ್ಮ ಸೋದರತ್ತೆ ಅಕ್ಕಯ್ಯಮ್ಮನ ಬಾಯಿ ಮಾತ್ರ ಹದದಲ್ಲಿಲ್ಲ, ಅದನ್ನು ಮುಂದೆ ಬರೆಯುತ್ತೇನೆ. ಭೂಪಟ ಹರಡಿಕೊಂಡು, ಸಮುದ್ರಕ್ಕೆ ಎಲ್ಲಕ್ಕಿಂತ ದೂರದ ಊರು ಯಾವುದೆಂದು ಹುಡುಕಿ ಕೆಲಸ ಹಿಡಿದವಳಿಗೆ ಸಮುದ್ರದ ಸುದ್ದಿಯನ್ನೇ ಬರೆಯುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಅರವತ್ತೊಂಬತ್ತಾದವನಿಗೆ ಅಷ್ಟು ರಿಯಾಯಿತಿ ಇರಲಿ. ಕಾಲೇಜಿನ ಎನ್‌ಸಿಸಿಯಲ್ಲಿ ಹಲಸೂರು ಕೆರೆಯ ಮೇಲೆ ಹಾಯಿ ಬಿಡುವುದನ್ನು ಕಲಿತವಳು ನೀನು. ಕುಮಟಾದಿಂದ ಆಚೆ, ಮೀನು ಹಿಡಿಯುವ ವಿಠ್ಠಲನ ಮನೆಯ ಹಿಂದೆ ಅವನ ಅಪ್ಪನ ಕಾಲದ ಹಾಯಿದೋಣಿ ಒಣಗಿದ ಗರಿಗಳ ಕೆಳಗೆ ಬಿದ್ದಿತ್ತು. ಅದನ್ನು ಎಬ್ಬಿಸಿ, ಊರು ನೋಡಲು ಬಂದವರನ್ನು ಹೊಳೆಯಿಂದ ಸಮುದ್ರಕ್ಕೆ ಕರೆದುಕೊಂಡು ಹೋಗಿ ಬರುವ ಕೆಲಸ ಮಾಡಬೇಕು ಅಂತ ನೀನೂ ಅವನೂ ಎರಡು ವರ್ಷ ದುಡಿದಿರಿ. ಹಾಯಿ ಹೊಲಿದವನು ನಾನು. ಮಾಗಡಿ ರಸ್ತೆಯಲ್ಲಿ ಮೂವತ್ತೈದು ವರ್ಷ ಮದುವೆಗೂ ತಿಥಿಗೂ ಶಾಮಿಯಾನ ಕಟ್ಟಿದ ಕೈ ಇದು. ಆದರೂ 'ಶಾಮಿಯಾನ ಬಿಗಿಯಾಗಿರ್ಬೇಕು, ಹಾಯಿಗೆ ಹೊಟ್ಟೆ ಇರ್ಬೇಕು ಅಪ್ಪ' ಅಂತ ನೀನು ಎರಡು ಸಲ ಬಿಚ್ಚಿಸಿ ಹೊಲಿಸಿದೆ. ನನಗೆ ಕೋಪ ಬಂದಿತ್ತು. ಖುಷಿಯೂ ಆಗಿತ್ತು.

ಆಮೇಲೆ ಫೆಬ್ರವರಿ. ದೋಣಿಯನ್ನು ಮೊದಲ ಸಲ ಸಮುದ್ರಕ್ಕೆ ಇಳಿಸುವ ದಿನವನ್ನು ಪಂಚಾಂಗ ನೋಡಿ ಗೊತ್ತು ಮಾಡಿದವರು ನಾನೂ ನಿಮ್ಮತ್ತೆಯೂ. ಭಾರತ ಹುಣ್ಣಿಮೆ, ಶನಿವಾರ, ಮಧ್ಯಾಹ್ನಕ್ಕೆ ಅಭಿಜಿನ್ ಮುಹೂರ್ತ. ನಮ್ಮ ಮನೆಯಲ್ಲಿ ಟೆಂಪೊ ತಂದಾಗಲೂ ಹುಣ್ಣಿಮೆಯೇ, ಅಂಗಡಿ ತೆರೆದಾಗಲೂ ಹುಣ್ಣಿಮೆಯೇ. ದೋಣಿಗೆ ಮಾತ್ರ ಬೇರೆ ಲೆಕ್ಕ ಇರಬಹುದು ಅಂತ ಹೊಳೆಯಲೇ ಇಲ್ಲ. ಬೆಂಗಳೂರಿನಿಂದ ನಾಲ್ಕು ನಿಂಬೆಹಣ್ಣು ಕೂಡ ಕಟ್ಟಿಕೊಂಡು ಬಂದಿದ್ದೆ, ಚಕ್ರವೇ ಇಲ್ಲದ ಗಾಡಿಗೆ. 'ಎಲ್ಲಿಡ್ತೀರಿ ಯಜಮಾನ್ರೇ, ಮೀನಿನ ಬಾಯಿಗಾ?' ಅಂತ ವಿಠ್ಠಲ ನಗಿಸಿದ್ದ. ಪೂಜೆ ಮುಗಿಸಿ ನೀವಿಬ್ಬರೂ ಹೊರಟಾಗ ಹನ್ನೆರಡು. ಚುಕ್ಕಾಣಿ ನಿನ್ನದು, ಚೆನ್ನಾಗಿಯೇ ಹೊರಗೆ ಹೋದಿರಿ. ಮೂರೂವರೆಗೆ ವಾಪಸು ಬರುವಾಗ ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ದೋಣಿ ಅಡ್ಡ ತಿರುಗಿತು, ಮಗುಚಿತು. ವಿಠ್ಠಲನ ಬಲಭುಜ ಕೀಲು ತಪ್ಪಿತು. ಅವನ ಕುತ್ತಿಗೆ ಹಿಡಿದುಕೊಂಡು, ಇನ್ನೊಂದು ದೋಣಿ ಬರುವ ತನಕ ನೀನು ನೀರಲ್ಲಿ ತೇಲಿಕೊಂಡಿದ್ದೆ. ದಡಕ್ಕೆ ಬಂದವಳು ನನ್ನ ಮುಖ ನೋಡಿ ಒಂದೇ ಮಾತು ಹೇಳಿದೆ. 'ನನ್ ಕೈ ಅಪ್ಪ. ನನ್ ಕೈ ತಪ್ಪು.' ಅವತ್ತಿಂದ ಚುಕ್ಕಾಣಿ ಮುಟ್ಟಿಲ್ಲ, ಆ ಊರಿಗೆ ಕಾಲಿಟ್ಟಿಲ್ಲ.

ಆ ಮಾತು ನನ್ನನ್ನು ತಿನ್ನುತ್ತಲೇ ಇತ್ತು. ಸೆಪ್ಟೆಂಬರಿನಲ್ಲಿ ಮಳೆ ತಗ್ಗಿದ ಮೇಲೆ ವಿಠ್ಠಲನನ್ನು ನೋಡಲು ಹೋದೆ. ಅವನು ಎಡಗೈಯಲ್ಲಿ ಬಲೆ ಹೆಣೆಯುತ್ತಾ ಕೂತಿದ್ದ. ಕೈಯಲ್ಲಿದ್ದ ಕಡ್ಡಿಯಿಂದಲೇ ಮರಳಲ್ಲಿ ಚಿತ್ರ ಬರೆದು ತೋರಿಸಿದ. ಹೊಳೆ ಹೊತ್ತು ತಂದ ಮರಳೆಲ್ಲ ಸಮುದ್ರ ಸೇರುವ ಬಾಯಲ್ಲಿ ಬಿದ್ದು, ನೀರಿನ ಕೆಳಗೆ ಕಣ್ಣಿಗೆ ಕಾಣದ ಹಾಗೆ ದಿಣ್ಣೆಯಾಗುತ್ತದಂತೆ. ಸಮುದ್ರದಿಂದ ಬರುವ ತೆರೆ ಅದನ್ನು ಎಡವಿ ಎದ್ದು ನಿಲ್ಲುತ್ತದೆ. ಉಬ್ಬರ ಏರುತ್ತಿದ್ದರೆ ನೀರೂ ತೆರೆಯೂ ಒಂದೇ ಕಡೆ ಓಡುತ್ತವೆ, ಪರವಾಗಿಲ್ಲ. ಇಳಿತದ ಹೊತ್ತಿಗೆ ಹೊಳೆ ಎದುರು ನುಗ್ಗುತ್ತದೆ, ಆಗ ತೆರೆ ಗೋಡೆಯಾಗುತ್ತದೆ. ಟೋಲ್‌ಗೇಟ್ ಸಿಗ್ನಲ್ಲಿನಲ್ಲಿ ಎರಡೂ ಕಡೆಯವರಿಗೆ ಒಟ್ಟಿಗೆ ಹಸಿರು ಬಿದ್ದ ಹಾಗೆ ಅಂದುಕೋ. 'ಹುಣ್ಣಿಮೆ ಅಮಾಸೆಗೆ ಎಳೆತ ಜೋರು ಮಾರಾಯ್ರೇ. ಅಷ್ಟಮಿಗೆ ನೀರು ಮೆತ್ತಗೆ. ಹುಡುಗಿ ಕೈಯಲ್ಲಿ ಎಂತ ತಪ್ಪಿಲ್ಲ' ಅಂದ.

ಅಷ್ಟಮಿ! ಅಷ್ಟಮಿ ನವಮಿಗೆ ನಮ್ಮ ತಾತ ಎತ್ತು ಕೂಡ ಮಾರುತ್ತಿರಲಿಲ್ಲ. ನಾವು ಒಳ್ಳೆಯದು ಅಂತ ಹುಡುಕಿ ಹಿಡಿದ ದಿನ ಅವರ ಪಂಚಾಂಗದಲ್ಲಿ ಕೆಟ್ಟದ್ದು, ನಾವು ಬಿಟ್ಟ ದಿನವೇ ಅವರಿಗೆ ಒಳ್ಳೆಯದು.

ಅಲ್ಲಿಂದ ಬಂದು ಇದನ್ನು ಫೋನಿನಲ್ಲಿ ಹೇಳಿದಾಗ ನೀನು ಇಡುವ ಮುಂಚೆ ಒಂದು ಪ್ರಶ್ನೆ ಕೇಳಿದೆ. 'ದಿನ ಸರಿ ಇಲ್ದಿದ್ರೆ ವಿಠ್ಠಲಣ್ಣ ನಂಗೆ ಹೇಳ್ತಿರ್ಲಿಲ್ವಾ? ನಲವತ್ತು ವರ್ಷದಿಂದ ಅಳಿವೆ ದಾಟ್ತಿರೋರು. ಅವ್ರು ಸುಮ್ನಿದ್ರು ಅಂದ್ರೆ ದಾಟಬಹುದಿತ್ತು ಅಂತ ತಾನೆ? ನಂಗೆ ಆಗ್ಲಿಲ್ಲ, ಅಷ್ಟೇ.' ನಾನು ಉತ್ತರ ಕೊಡಲಿಲ್ಲ. ಬದಲಿಗೆ, ಮಾಡಿಯೇ ತೋರಿಸೋಣ ಅಂತ ತೀರ್ಮಾನ ಮಾಡಿದೆ. ನಾನು ಓದಿದ ಸಂಜೆ ಕಾಲೇಜಿನ ಎಕನಾಮಿಕ್ಸ್ ಮೇಷ್ಟ್ರು ಪ್ರತಿ ಪಾಠಕ್ಕೂ ಹೇಳುತ್ತಿದ್ದ ಒಂದು ಇಂಗ್ಲಿಷ್ ಮಾತು ನೆನಪಿದೆ, 'ಅದರ್ ಥಿಂಗ್ಸ್ ಬೀಯಿಂಗ್ ಈಕ್ವಲ್'. ಅದರ ಮುಂದಿನದು ಮರೆತಿದೆ, ಪರೀಕ್ಷೆಯಲ್ಲೂ ಮರೆತಿತ್ತು. ಅರ್ಥ ಇಷ್ಟು, ಉಳಿದದ್ದೆಲ್ಲ ಹಾಗೇ ಇರಲಿ, ಒಂದನ್ನು ಮಾತ್ರ ಬದಲಿಸಿ ನೋಡು. ಅದೇ ದೋಣಿ. ಅದೇ ಹಾಯಿ, ಮೂಲೆಗೆ ಒಂದು ತೇಪೆ ಹಾಕಿದ್ದೇನೆ. ನಿನ್ನ ನೋಟ್‌ಬುಕ್ಕಿನಲ್ಲಿ ನೀನೇ ಬರೆದಿಟ್ಟ ಅದೇ ವಿಧಾನ. ದಿನ ಮಾತ್ರ ಬೇರೆ.

ಹೊರಡುವಾಗ ನಿಮ್ಮತ್ತೆ ಬಾಗಿಲಿಗೆ ಅಡ್ಡ ನಿಂತಳು. 'ಮೆಜೆಸ್ಟಿಕ್‌ವರ್ಗೂ ಬಸ್ಸಲ್ಲಿ ಕೂತ್ರೆ ವಾಂತಿ ಮಾಡ್ಕೊಳೋನು, ಸಮುದ್ರಕ್ಕೆ ಹೋಯ್ತಾನಂತೆ. ಅದೂ ಅಷ್ಟಮಿ ದಿನ. ತಲೆ ನೆಟ್ಟಗೈತೇನೋ ಮುನಿರಾಜು?' ನಾನು ಚಪ್ಪಲಿ ಮೆಟ್ಟಿಕೊಂಡೆ. ನಿಮ್ಮಮ್ಮ ಇದ್ದಿದ್ದರೆ ಒಂದು ಡಬ್ಬಿ ಚಿತ್ರಾನ್ನ ಕೊಟ್ಟು, ನನಗಿಂತ ಮೊದಲು ಹೋಗಿ ಬಸ್ಸಿನಲ್ಲಿ ಸೀಟು ಹಿಡಿದಿರುತ್ತಿದ್ದಳು.

ಮೊನ್ನೆ ಶನಿವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ವಿಠ್ಠಲನ ಊರಿನ ದಡದಿಂದ ಹೊರಟೆವು. ಉಬ್ಬರ ಆಗತಾನೆ ತುಂಬಿ ನಿಂತಿತ್ತು, ಗಾಳಿ ಬೆಟ್ಟದ ಕಡೆಯಿಂದ ಬೆನ್ನಿಗೆ. ಚುಕ್ಕಾಣಿ ವಿಠ್ಠಲನದು, ಹಾಯಿಯ ಹಗ್ಗ ನನ್ನದು. ಲೈಫ್ ಜಾಕೆಟ್ ಹಾಕಿಕೊಂಡು ನಾನು ಬಾಡಿಗೆ ಹಾಸಿಗೆಯ ಹಾಗೆ ಕಾಣುತ್ತಿದ್ದೆನಂತೆ. ಅವನ ಸೋದರಳಿಯ ಎಂಜಿನ್ ದೋಣಿಯಲ್ಲಿ ಹೊಳೆಯ ಒಳಗೆ ಕಾದಿದ್ದ, ಎಡವಟ್ಟಾದರೆ ಎತ್ತಲು. ಹೋಗುವಾಗ ಏನೂ ಆಗಲಿಲ್ಲ. ಎರಡು ಸಲ ಎದ್ದು ಎರಡು ಸಲ ಕೂತ ಹಾಗಾಯಿತು, ನೋಡಿದರೆ ಹೊರಗಿದ್ದೇವೆ. 'ಇಷ್ಟೇನಾ?' ಅಂದೆ. ವಿಠ್ಠಲ ಬೀಡಿ ಹಚ್ಚಿ, 'ಹೋಗುವಾಗ ತೆರೆ ಕಣ್ಣೆದುರು ಇರ್ತದೆ. ಬರುವಾಗ ಬೆನ್ನ ಹಿಂದೆ. ಮಾತು ಆಗ ಆಡಿ' ಅಂದ. ನಾನು ಅಷ್ಟು ಹೊತ್ತಿಗೆ ನಿಮ್ಮತ್ತೆ ಹೇಳಿದ ಕೆಲಸವನ್ನು ಮೂರು ಸಲ ಮಾಡಿ ಮುಗಿಸಿದ್ದೆ. ಸಮುದ್ರ ದೊಡ್ಡದು, ಯಾರೂ ಬೈಯಲಿಲ್ಲ.

ಮಧ್ಯಾಹ್ನ ನೀರು ಇಳಿದು, ಮತ್ತೆ ಏರಲು ಶುರುವಾಯಿತು. ಗಾಳಿಯೂ ತಿರುಗಿ ಪಡುವಣದಿಂದ ಬರತೊಡಗಿತು. ನಾಲ್ಕು ಗಂಟೆಗೆ ಅಳಿವೆಯ ಹೊರಗೆ ಬಂದು, ಹಾಯಿ ಸಡಿಲ ಬಿಟ್ಟು ನಿಂತೆವು. ವಿಠ್ಠಲ ನಿನ್ನ ನೋಟ್‌ಬುಕ್ ಓದಲು ಹೇಳಿದ. ಜೋರಾಗಿ ಓದಿದೆ. 'ದೊಡ್ಡ ತೆರೆಗಳು ಗುಂಪಾಗಿ ಬರುತ್ತವೆ. ಅವು ಹೋಗುವ ತನಕ ಎಣಿಸಿ ಕಾಯಬೇಕು. ಕೊನೆಯ ದೊಡ್ಡದರ ಬೆನ್ನು ಹತ್ತಬೇಕು. ಅದಕ್ಕಿಂತ ಮುಂದೆ ಓಡಬಾರದು, ಹಿಂದೆ ಉಳಿಯಬಾರದು. ಹೊರಟ ಮೇಲೆ ವಾಪಸು ತಿರುಗಬಾರದು.' ಎಲ್ಲ ಗುಂಡು ಗುಂಡಾದ ಅಕ್ಷರ, ಒಂದನ್ನೂ ಹೊಡೆದು ಹಾಕಿಲ್ಲ. ವಿಠ್ಠಲ ತಲೆಯಾಡಿಸಿ, 'ನನ್ನ ಅಪ್ಪ ಹೇಳಿದ್ದೂ ಇದೇ. ಬರೆದಿಡಲಿಲ್ಲ, ಅಷ್ಟೇ' ಅಂದ.

ಎಣಿಸಿದೆವು. ಇಪ್ಪತ್ತು ನಿಮಿಷ ಬರೀ ಎಣಿಸಿದೆವು. ಮುಂದೆ ಬಿಳಿ ನೊರೆ ಒಡೆಯುವ ಸದ್ದು, ಯಾರೋ ಮಹಡಿಯಿಂದ ಜಲ್ಲಿ ಸುರಿಯುತ್ತಿರುವ ಹಾಗೆ. ಒಂದು ಗುಂಪು ಹೋಯಿತು, ಎರಡನೆಯದು ಹೋಯಿತು. ಮೂರನೆಯ ಗುಂಪಿನ ಕೊನೆಯ ತೆರೆ ನಮ್ಮ ಕೆಳಗೆ ಜಾರಿದ್ದೇ 'ಎಳೀರಿ' ಅಂದ. ಹಗ್ಗ ಎಳೆದೆ. ನೀನು ಜಗಳ ಮಾಡಿ ಹೊಲಿಸಿದ ಹೊಟ್ಟೆ ತುಂಬಿಕೊಂಡಿತು ನೋಡು, ಒಂಬತ್ತು ತಿಂಗಳ ಬಸುರಿಯ ಹಾಗೆ, ದೋಣಿ ನುಗ್ಗಿತು. ಮುಂದೆ ತೆರೆಯ ಬೆನ್ನು, ನುಣ್ಣಗೆ, ಹಸಿರಾಗಿ. ಅದನ್ನು ಬಿಡದೆ ಹಿಂಬಾಲಿಸಿದೆವು. ಎಡಕ್ಕೂ ಬಲಕ್ಕೂ ನೊರೆ, ನಡುವೆ ಒಂದು ಗಾಡಿ ಹೋಗುವಷ್ಟು ದಾರಿ.

ಸರಿಯಾಗಿ ದಿಣ್ಣೆಯ ಮೇಲೆ, ಎಲ್ಲಿ ಆವತ್ತು ಮಗುಚಿತೋ ಅಲ್ಲೇ, ಹಿಂದಿನಿಂದ ಒಂದು ತೆರೆ ದೋಣಿಯ ಬಾಲವನ್ನು ಎತ್ತಿ ಪಕ್ಕಕ್ಕೆ ತಳ್ಳಿತು. ವಿಠ್ಠಲ ಚುಕ್ಕಾಣಿಯ ಮೇಲೆ ಒರಗಿದ. ಅವನ ಭುಜ 'ಕಟ್' ಅಂದದ್ದು ನನಗೆ ಕೇಳಿಸಿತು. 'ಯಜಮಾನ್ರೇ, ಕೈ ಕೊಡಿ' ಅಂದ, ಕಿರುಚಲಿಲ್ಲ, ಉಪ್ಪು ಕೊಡಿ ಅನ್ನುವ ಹಾಗೆ ಅಂದ. ಒಂದು ಕೈಯಲ್ಲಿ ಹಗ್ಗ, ಇನ್ನೊಂದನ್ನು ಚುಕ್ಕಾಣಿಗೆ ಕೊಟ್ಟೆ. ಅಯ್ಯೋ ಕೀರ್ತನಾ, ಅದು ಮರವಲ್ಲ ಕಣಮ್ಮ, ಮೂಗುದಾರ ಕಿತ್ತ ಹೋರಿ. ಮೊಣಕೈ ತನಕ ಝುಮ್ಮೆಂದಿತು. ಅದೇ ಹೊತ್ತಿಗೆ ಗಾಳಿಯೂ ಒಂದು ಗುದ್ದು ಕೊಟ್ಟಿತು. ಅಲ್ಲಿ ಮಾತ್ರ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಶಾಮಿಯಾನದ ಕೆಳಗೆ ಗಾಳಿ ಹೊಕ್ಕರೆ ಬಿಗಿ ಹಿಡಿದವನು ಕಂಬದ ಸಮೇತ ಹಾರುತ್ತಾನೆ, ಒಂದು ಗೇಣು ಬಿಟ್ಟವನು ಉಳಿಯುತ್ತಾನೆ. ಒಂದು ಗೇಣು ಬಿಟ್ಟೆ. ಗಾಳಿ ಸೋರಿತು. ದೋಣಿ ನೆಟ್ಟಗಾಯಿತು. ಮತ್ತೆ ಎಳೆದೆ. ಇಬ್ಬರೂ ಒಟ್ಟಿಗೆ ಚುಕ್ಕಾಣಿಗೆ ಎದೆ ಕೊಟ್ಟೆವು, ಎರಡು ಉಸಿರು, ಮೂರು ಉಸಿರು.

ಆಮೇಲೆ ಸದ್ದೇ ಇಲ್ಲ. ತೆರೆ ನಮ್ಮನ್ನು ಬಿಟ್ಟು ತಾನೇ ಕರಗಿ ಹೋಯಿತು. ನಾವು ಹೊಳೆಯಲ್ಲಿದ್ದೆವು, ನೀರು ಕಲ್ಯಾಣಿಯ ಹಾಗೆ ನಿಂತಿತ್ತು. ವಿಠ್ಠಲನ ಸೋದರಳಿಯ ಎಂಜಿನ್ ದೋಣಿಯಲ್ಲಿ ಎದ್ದು ನಿಂತು ಲುಂಗಿ ಬಿಚ್ಚಿ ಬೀಸುತ್ತಿದ್ದ. ಪುಣ್ಯಕ್ಕೆ ಒಳಗೆ ಚಡ್ಡಿ ಇತ್ತು. ನಾನು ನಗುತ್ತಿದ್ದೇನೆ ಅಂದುಕೊಂಡಿದ್ದೆ, ವಿಠ್ಠಲ ಹೆಗಲ ಟವೆಲ್ ಕೊಟ್ಟು ಮುಖ ಒರೆಸಿಕೊಳ್ಳಿ ಅಂದ. ದಡಕ್ಕೆ ಬಂದ ಮೇಲೆ ಅವನ ಭುಜಕ್ಕೆ ಬಿಸಿನೀರಿನ ಶಾಖ ಕೊಟ್ಟರು. ಕೀಲು ತಪ್ಪಿಲ್ಲ, ಹಳೆಯ ನೋವು ಕೆದರಿದೆ, ಅಷ್ಟೇ. ನನಗೆ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ಮೂರು ಸಲ ಬಡಿಸಿಕೊಂಡೆ.

ಒಂದು ಮಾತು ನೆನಪಿಟ್ಟುಕೋ. ಮೆತ್ತಗಿನ ನೀರಲ್ಲಿ, ಹೊಳೆಯ ಎದುರು ನುಗ್ಗಾಟವೇ ಇಲ್ಲದ ಹೊತ್ತಲ್ಲಿ, ಎರಡು ಗಂಡಸರ ಮೂರು ಕೈ ಬೇಕಾಯಿತು ಆ ಚುಕ್ಕಾಣಿ ಹಿಡಿಯಲು. ನೀನು ಹುಣ್ಣಿಮೆಯ ಇಳಿತದಲ್ಲಿ, ಎದುರು ಗೋಡೆಯಂತೆ ನಿಂತ ನೀರಲ್ಲಿ, ಒಬ್ಬಳೇ ಹಿಡಿದಿದ್ದೆ. ಆ ಕೈಯನ್ನು ತಪ್ಪು ಅನ್ನುತ್ತೀಯಲ್ಲ, ನನಗೆ ಸಿಟ್ಟು ಬರುತ್ತದೆ. ಭಾನುವಾರ ಮನೆಗೆ ಬಂದು ನಿಮ್ಮತ್ತೆಗೆ ಎಲ್ಲ ಹೇಳಿದೆ. ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ಕೇಳಿದಳು, ಅದು ಅಳಿವೆ ದಾಟಿದ್ದಕ್ಕಿಂತ ದೊಡ್ಡದು. ಕೊನೆಗೆ 'ಹಂಗಾದ್ರೆ ಅವರ ಕ್ಯಾಲೆಂಡರ್ ಒಂದು ತಗೊಂಬರೋದಲ್ವೇನೋ' ಅಂದಳು.

ಇನ್ನೂ ಬರೆಯುವುದಿತ್ತು. ಹಾಯಿಯ ತೇಪೆ ಹೇಗೆ ಹಾಕಿದೆ ಅನ್ನುವುದು, ಕುಮಟಾದಲ್ಲಿ ಬಸ್ಸಿಗೆ ಕಾಯುವಾಗ ಒಬ್ಬ ವಿದೇಶಿಯ ಜೊತೆ ನಾನು ಇಂಗ್ಲಿಷ್ ಮಾತಾಡಿದ್ದು, 'ವಿ ಹ್ಯಾವ್ ಕ್ರಾಸ್ಡ್' ಅಂದದ್ದಕ್ಕೆ ಅವನು ರಸ್ತೆಯ ಕಡೆ ನೋಡಿದ್ದು. ಆದರೆ ಎದುರಿನ ಕಟ್ಟಡದ ನೀರಿನ ಟ್ಯಾಂಕಿನ ಹಿಂದೆ ಬಿಸಿಲು ಹೋಗಿಬಿಟ್ಟಿದೆ. ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ, ಕನ್ನಡಕ ಒರೆಸಿದರೂ ಅಷ್ಟೇ. ಬೆಳಕು ಸಾಲದು. ನಿಲ್ಲಿಸುತ್ತೇನೆ.

ನಿನ್ನ ಶಾಲೆಯ ಮಕ್ಕಳಿಗೆ ಅಜ್ಜನ ಆಶೀರ್ವಾದ. ನಿನಗೆ ನಿಮ್ಮಮ್ಮನದ್ದೂ ಸೇರಿಸಿ ಕಳಿಸಿದ್ದೇನೆ, ತಲೆ ಬಗ್ಗಿಸಿ ತಗೋ. ಸ್ವೆಟರ್ ಹಾಕಿಕೋ.

ನಿನ್ನ ಅಪ್ಪ,
ಮುನಿರಾಜು

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತೂ ಬರೆಯಲಾಗಲಿಲ್ಲ. ಮಹಡಿ ಮೆಟ್ಟಿಲ ದೀಪದ ಕೆಳಗೆ ನಿಂತು ಗೀಚುತ್ತಿದ್ದೇನೆ. ವಿಠ್ಠಲ ಸುಮ್ಮನಿರಲಿಲ್ಲ ಕಣಮ್ಮ. ಹುಣ್ಣಿಮೆಯ ಹಿಂದಿನ ಸಂಜೆ, ನೀನು ಹೂವು ತರಲು ಹೋಗಿದ್ದಾಗ, ನನ್ನ ಹತ್ತಿರ ಬಂದು 'ಒಂದು ವಾರ ಮುಂದೆ ಹಾಕಿ, ಎಳೆತ ಜೋರಿದೆ' ಅಂದ. 'ಮುಹೂರ್ತ ಇಟ್ಟಾಗಿದೆ, ಅಪಶಕುನ ಆಡಬೇಡ, ನನ್ನ ಮಗಳ ಕಿವಿಗೂ ಹಾಕಬೇಡ' ಅಂತ ಅವನ ಬಾಯಿ ಕಟ್ಟಿದವನು ನಾನು. ಹಿರಿಯರ ಮಾತು, ದೇವರ ಕೆಲಸ ಅಂತ ಅವನು ತಲೆ ತಗ್ಗಿಸಿದ, ಇವತ್ತಿಗೂ ಮಾತು ಉಳಿಸಿಕೊಂಡಿದ್ದಾನೆ. 'ನೀವೇ ಬರೆದು ಹೇಳೋದಾದರೆ ಮಾತ್ರ ನಿಮ್ಮನ್ನ ದೋಣಿಗೆ ಹತ್ತಿಸ್ತೇನೆ' ಅನ್ನುವುದು ಈ ಸಲ ಹೊರಡುವ ಮುಂಚೆ ಅವನು ಹಾಕಿದ ಷರತ್ತು. ಸೆಪ್ಟೆಂಬರಿನಲ್ಲಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡದೆ ಇದ್ದದ್ದೂ ಇದಕ್ಕೇ. ತಪ್ಪಿದ್ದು ನಿನ್ನ ಕೈಯಲ್ಲ ಮಗಳೇ, ನನ್ನ ಬಾಯಿ. ಬೈಯಬೇಕು ಅನ್ನಿಸಿದರೆ ಫೋನಿನಲ್ಲಿ ಬೇಡ, ಎದುರಿಗೆ ಬೈ. ಡಿಸೆಂಬರ್ ಎಂಟು, ಭಾನುವಾರ, ಮಧ್ಯಾಹ್ನದ ಹೊತ್ತಿಗೆ ಅಷ್ಟಮಿ ಬರುತ್ತದೆ. ವಿಠ್ಠಲನ ಭುಜಕ್ಕೆ ಡಾಕ್ಟರು ಆರು ವಾರ ರಜಾ ಕೊಟ್ಟಿದ್ದಾರೆ, ಚುಕ್ಕಾಣಿಗೆ ಜನ ಇಲ್ಲ. ಹಗ್ಗ ನಾನು ಹಿಡಿಯುತ್ತೇನೆ.